ಸ್ವೈಪ್ ಮಾಡಿದ ನೂರರಲ್ಲಿ ಅಂಗಡಿಗೆ ಉಳಿಯುವುದೆಷ್ಟು?

ಗಿರಾಕಿಯೊಬ್ಬರು ಐದು ಸಾವಿರ ರೂಪಾಯಿಯ ಸಾಮಾನು ಕೊಂಡು ಕ್ರೆಡಿಟ್ ಕಾರ್ಡ್ ಸ್ವೈಪ್ ಮಾಡುತ್ತಾರೆ ಎನ್ನೋಣ. ಬ್ಯಾಂಕಿನ ಕಮಿಷನ್ ಶೇ 2 ಇದ್ದರೆ ನೂರು ರೂಪಾಯಿ ಅಲ್ಲಿಗೆ ಹೋಯಿತು. ಆ ಕಮಿಷನ್ ಮೇಲೆ ಶೇ 18ರ ಜಿಎಸ್‌ಟಿ ಎಂದು ಇನ್ನೂ ಹದಿನೆಂಟು ರೂಪಾಯಿ. ಮರುದಿನ ಅಂಗಡಿಯವರ ಖಾತೆಗೆ ಬೀಳುವುದು 4,882 ರೂಪಾಯಿ. ನೂರಕ್ಕೆ ಎಂಟು ರೂಪಾಯಿ ಲಾಭ ಇಟ್ಟುಕೊಂಡು ಮಾರುವ ವ್ಯಾಪಾರಿಗೆ ಈ ಮಾರಾಟದಲ್ಲಿ ಸಿಗಬೇಕಾದದ್ದು 400 ರೂಪಾಯಿ. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಒಂದು ಸ್ವೈಪ್ ತೆಗೆದುಕೊಂಡು ಹೋಗುತ್ತದೆ.

ಗಿರಾಕಿಗೆ ಇದು ತಿಳಿಯುವುದಿಲ್ಲ. ಅವರ ಮೊಬೈಲಿಗೆ ಬರುವ ಸಂದೇಶದಲ್ಲಿ ಐದು ಸಾವಿರ ಎಂದಷ್ಟೇ ಇರುತ್ತದೆ. ಅಂಗಡಿಯವರಲ್ಲೂ ಬಹಳ ಮಂದಿಗೆ ಸರಿಯಾದ ಲೆಕ್ಕ ಸಿಗುವುದಿಲ್ಲ. ಕಡಿತವೆಲ್ಲ ಮುಗಿದ ಮೇಲೆ ಉಳಿದ ಮೊತ್ತ ಒಟ್ಟಿಗೆ ಖಾತೆಗೆ ಜಮೆಯಾಗುತ್ತದೆ. ಇಡೀ ದಿನದ ಹತ್ತಾರು ವ್ಯವಹಾರ ಒಂದೇ ಸಾಲಿನಲ್ಲಿ ಬಂದಾಗ ಯಾವ ಕಾರ್ಡಿಗೆ ಎಷ್ಟು ಹೋಯಿತು, ಯಂತ್ರದ ಬಾಡಿಗೆ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಿ ನೋಡಲು ಪುರುಸೊತ್ತು ಯಾರಿಗಿದೆ?

ಸಣ್ಣ ವ್ಯಾಪಾರಿಯ ಈ ಹೊರೆ ಇಳಿಸಲು ಕಳೆದ ಒಂದೂವರೆ ದಶಕದಲ್ಲಿ ನಮ್ಮ ದೇಶದಲ್ಲಿ ಸಾಕಷ್ಟು ನಿಯಮಗಳು ಬಂದಿವೆ. ಅವುಗಳಲ್ಲಿ ಕೆಲವು ಬಹಳ ಉದಾರವಾಗಿವೆ. ಆದರೂ ಅಂಗಡಿ ಕಟ್ಟೆಯ ಮೇಲೆ ಗೊಂದಲ ಉಳಿದಿದೆ, ಕಡಿತವೂ ಉಳಿದಿದೆ. ಏಕೆ ಹೀಗಾಯಿತು, ವ್ಯಾಪಾರಿ ತಾನೇ ಏನು ಮಾಡಬಹುದು, ಬ್ಯಾಂಕು ಮತ್ತು ಸರ್ಕಾರ ಏನು ಮಾಡಬೇಕು ಎಂಬುದನ್ನು ಒಟ್ಟಾಗಿ ನೋಡುವ ಪ್ರಯತ್ನ ಇದು.

ಕಮಿಷನ್ ಯಾರ ಪಾಲು?

ಕಾರ್ಡ್ ವ್ಯವಹಾರದಲ್ಲಿ ವ್ಯಾಪಾರಿಯಿಂದ ಕಡಿತವಾಗುವ ಶುಲ್ಕಕ್ಕೆ ಮರ್ಚೆಂಟ್ ಡಿಸ್ಕೌಂಟ್ ರೇಟ್ ಎಂದು ಹೆಸರು. ಬ್ಯಾಂಕಿನವರ ಬಾಯಲ್ಲಿ ಅದು ಎಂಡಿಆರ್. ಈ ಮೊತ್ತ ಮೂರು ಕಡೆ ಹಂಚಿಹೋಗುತ್ತದೆ. ದೊಡ್ಡ ಪಾಲು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುತ್ತದೆ. ಅದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಇನ್ನೊಂದು ಪಾಲು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳದ್ದು. ಮೂರನೆಯದು ಅಂಗಡಿಗೆ ಸ್ವೈಪಿಂಗ್ ಮಷಿನ್ ಕೊಟ್ಟು ಹಣ ಜಮೆ ಮಾಡುವ ಬ್ಯಾಂಕು ಅಥವಾ ಪಾವತಿ ಕಂಪನಿಯದ್ದು.

ವ್ಯಾಪಾರಿ ನೇರವಾಗಿ ಮಾತನಾಡಲು ಸಾಧ್ಯವಿರುವುದು ಈ ಮೂರನೆಯವರ ಜೊತೆ ಮಾತ್ರ. ಮೊದಲಿನ ಎರಡು ಪಾಲು ಅವರ ಕೈಗೆಟುಕುವುದಿಲ್ಲ. ಹಾಗಾಗಿ ‘ಸ್ವಲ್ಪ ಕಡಿಮೆ ಮಾಡಿ ಸಾರ್’ ಎಂದು ಚೌಕಾಸಿ ಮಾಡುವಾಗ ಒಟ್ಟು ಶುಲ್ಕದ ಒಂದು ಸಣ್ಣ ಭಾಗದ ಮೇಲಷ್ಟೇ ಚೌಕಾಸಿ ನಡೆಯುತ್ತದೆ. ದೊಡ್ಡ ಮಾಲ್ ಅಥವಾ ಸರಣಿ ಮಳಿಗೆಗೆ ತಿಂಗಳಿಗೆ ಕೋಟಿಗಟ್ಟಲೆ ವಹಿವಾಟಿನ ಬಲವಿದೆ. ಬೀದಿಬದಿಯ ಬಟ್ಟೆ ಅಂಗಡಿಗೆ ಆ ಬಲವಿಲ್ಲ. ಅದಕ್ಕಾಗಿಯೇ ಇಲ್ಲಿ ನಿಯಂತ್ರಕರ ಪಾತ್ರ ದೊಡ್ಡದು.

ಕ್ರೆಡಿಟ್ ಕಾರ್ಡಿನ ಶುಲ್ಕ ಡೆಬಿಟ್ ಕಾರ್ಡಿಗಿಂತ ಹೆಚ್ಚಿರಲು ಕಾರಣವಿದೆ. ಗಿರಾಕಿ ಇಂದು ಖರೀದಿಸಿ ತಿಂಗಳೊಪ್ಪತ್ತಿನ ನಂತರ ಬಡ್ಡಿಯಿಲ್ಲದೆ ಹಣ ಕಟ್ಟುತ್ತಾರೆ. ಆ ಅವಧಿಯ ಬಡ್ಡಿ, ಹಣ ಮುಳುಗುವ ಅಪಾಯ, ಗಿರಾಕಿಗೆ ಸಿಗುವ ರಿವಾರ್ಡ್ ಪಾಯಿಂಟ್, ಕ್ಯಾಶ್‌ಬ್ಯಾಕ್ ಎಲ್ಲಕ್ಕೂ ದುಡ್ಡು ಬರುವುದು ಬಹುಮಟ್ಟಿಗೆ ಇದೇ ಕಮಿಷನ್‌ನಿಂದ. ಅಂದರೆ ವಿಮಾನ ನಿಲ್ದಾಣದ ಲಾಂಜಿನಲ್ಲಿ ಕಾರ್ಡ್ ತೋರಿಸಿ ಉಚಿತ ಊಟ ಮಾಡುವವರ ಖರ್ಚಿನ ಒಂದು ಪಾಲನ್ನು ಸಂತೆಪೇಟೆಯ ಅಂಗಡಿಯೂ ಹೊರುತ್ತಿದೆ.

ನಿಯಮ ನಡೆದು ಬಂದ ದಾರಿ

ರಿಸರ್ವ್ ಬ್ಯಾಂಕ್ ಡೆಬಿಟ್ ಕಾರ್ಡ್ ಶುಲ್ಕಕ್ಕೆ ಮೊದಲ ಮಿತಿ ಹಾಕಿದ್ದು 2012ರಲ್ಲಿ. 2,000 ರೂಪಾಯಿವರೆಗಿನ ವ್ಯವಹಾರಕ್ಕೆ ಶೇ 0.75, ಅದಕ್ಕಿಂತ ಮೇಲಿನದಕ್ಕೆ ಶೇ 1 ಎಂದು ನಿಗದಿಯಾಯಿತು. 2016ರ ನವೆಂಬರಿನ ನೋಟು ರದ್ದತಿಯ ನಂತರ ಈ ದರವನ್ನು ತಾತ್ಕಾಲಿಕವಾಗಿ ಇನ್ನಷ್ಟು ಇಳಿಸಲಾಯಿತು.

ಸಣ್ಣ ವ್ಯಾಪಾರಿಗೆ ಮುಖ್ಯವಾದ ತಿರುವು ಬಂದದ್ದು 2018ರ ಜನವರಿ 1ರಂದು. ಅದುವರೆಗೆ ಬಿಲ್ಲಿನ ಮೊತ್ತ ನೋಡಿ ದರ ನಿಗದಿಯಾಗುತ್ತಿತ್ತು. ಅಂದಿನಿಂದ ವ್ಯಾಪಾರಿಯ ಗಾತ್ರ ನೋಡಿ ನಿಗದಿ ಮಾಡುವ ಪದ್ಧತಿ ಬಂತು. ಹಿಂದಿನ ಆರ್ಥಿಕ ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರದ ವ್ಯಾಪಾರಿಗೆ ಡೆಬಿಟ್ ಕಾರ್ಡ್ ಶುಲ್ಕ ಶೇ 0.40 ಮೀರಬಾರದು; ಎಷ್ಟೇ ದೊಡ್ಡ ಬಿಲ್ಲಾದರೂ ಒಂದು ವ್ಯವಹಾರಕ್ಕೆ 200 ರೂಪಾಯಿ ಗರಿಷ್ಠ. ಅದಕ್ಕಿಂತ ದೊಡ್ಡ ವ್ಯಾಪಾರಿಗೆ ಶೇ 0.90 ಮತ್ತು 1,000 ರೂಪಾಯಿ ಮಿತಿ. ಕ್ಯೂಆರ್ ಕೋಡ್ ಮೂಲಕ ಡೆಬಿಟ್ ಕಾರ್ಡ್ ಪಾವತಿಯಾದರೆ ಎರಡೂ ವರ್ಗಕ್ಕೆ ಶೇ 0.10 ಕಡಿಮೆ. ಡೆಬಿಟ್ ಕಾರ್ಡಿನ ಈ ಶುಲ್ಕವನ್ನು ಗಿರಾಕಿಯ ತಲೆಗೆ ಕಟ್ಟದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕು ಎಂಬ ಸೂಚನೆಯೂ ಜೊತೆಗಿತ್ತು.

2019ರಲ್ಲಿ ನಂದನ್ ನಿಲೇಕಣಿ ಅಧ್ಯಕ್ಷತೆಯ ಸಮಿತಿ ಡಿಜಿಟಲ್ ಪಾವತಿಯ ವಿಸ್ತರಣೆ ಕುರಿತು ರಿಸರ್ವ್ ಬ್ಯಾಂಕಿಗೆ ವರದಿ ಕೊಟ್ಟಿತು. ಕಾರ್ಡಿನ ಇಂಟರ್‌ಚೇಂಜ್ ಇಳಿಸಬೇಕು ಎಂಬುದು ಅದರ ಶಿಫಾರಸುಗಳಲ್ಲಿ ಒಂದು. ಅದೇ ವರ್ಷದ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ಕಾನೂನು ತಿದ್ದುಪಡಿಯಾಗಿ, 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ಪಾವತಿಗೆ ಎಂಡಿಆರ್ ಸೊನ್ನೆಯಾಯಿತು. ಸಣ್ಣವರು, ದೊಡ್ಡವರು ಎಂಬ ಭೇದವಿಲ್ಲದೆ ಎಲ್ಲ ವ್ಯಾಪಾರಿಗಳಿಗೂ ಇದು ಅನ್ವಯ.

ಇಷ್ಟೆಲ್ಲ ನಿಯಮಗಳ ನಡುವೆ ಒಂದು ಬಾಗಿಲು ಮಾತ್ರ ತೆರೆದೇ ಉಳಿಯಿತು. ಕ್ರೆಡಿಟ್ ಕಾರ್ಡಿನ ಕಮಿಷನ್‌ಗೆ ರಿಸರ್ವ್ ಬ್ಯಾಂಕ್ ಇಂದಿಗೂ ಗರಿಷ್ಠ ಮಿತಿ ಹಾಕಿಲ್ಲ. ಬ್ಯಾಂಕು, ಕಾರ್ಡಿನ ಬಗೆ, ಅಂಗಡಿಯ ಬಗೆ ನೋಡಿಕೊಂಡು ಅದು ಸಾಮಾನ್ಯವಾಗಿ ಶೇ 1.5ರಿಂದ 3ರವರೆಗೆ ಓಡಾಡುತ್ತದೆ. ಚೌಕಾಸಿಯ ಬಲ ಕಡಿಮೆ ಇರುವ ಸಣ್ಣ ವ್ಯಾಪಾರಿಗೆ ಸಿಗುವುದು ಮೇಲಿನ ತುದಿಯ ದರ.

ಒಂದೇ ಕ್ಯೂಆರ್, ಹಲವು ದರ

ಮೊದಲೆಲ್ಲ ಸ್ವೈಪಿಂಗ್ ಮಷಿನ್ ಎಂದರೆ ಚಾರ್ಜ್, ಸ್ಕ್ಯಾನರ್ ಎಂದರೆ ಫ್ರೀ ಎಂಬ ಸರಳ ತಿಳಿವಳಿಕೆ ಸಾಕಿತ್ತು. ಈಗ ಅದು ಸಾಲದು. 2022ರ ಸೆಪ್ಟೆಂಬರಿನಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಅದೇ ಸ್ಕ್ಯಾನರಿನಲ್ಲಿ ಹಣ ಕೊಡಬಹುದು. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗಿನ ಇಂಥ ಪಾವತಿಗೆ ಎಂಡಿಆರ್ ಇಲ್ಲ. ಅದು ಮೀರಿದರೆ ಕ್ರೆಡಿಟ್ ಕಾರ್ಡಿನ ಕಮಿಷನ್ ಬೀಳುತ್ತದೆ. 2023ರ ಏಪ್ರಿಲಿನಿಂದ ವಾಲೆಟ್ಟಿನ ಹಣವನ್ನು ಯುಪಿಐ ಮೂಲಕ ಕೊಟ್ಟರೆ, 2,000 ರೂಪಾಯಿ ಮೀರಿದ ವ್ಯಾಪಾರಿ ಪಾವತಿಗಳಿಗೆ ಶೇ 1.1ರವರೆಗೆ ಇಂಟರ್‌ಚೇಂಜ್ ನಿಗದಿಯಾಗಿದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೆ ಮಾತ್ರ ಎಂದಿನಂತೆ ಸೊನ್ನೆ.

ಕಟ್ಟೆಯ ಮೇಲೆ ಕೂತ ವ್ಯಾಪಾರಿಗೆ ಗಿರಾಕಿ ಮೊಬೈಲಿನಲ್ಲಿ ಯಾವುದನ್ನು ಒತ್ತಿದರು ಎಂದು ಕಾಣುವುದಿಲ್ಲ. ಸೌಂಡ್‌ಬಾಕ್ಸ್ ಕೂಗುವುದು ಮೊತ್ತವನ್ನಷ್ಟೇ. ಖಾತೆಯ ಹಣವೋ ಕ್ರೆಡಿಟ್ಟೋ ಎಂಬುದು ಗೊತ್ತಾಗುವುದು, ಗೊತ್ತಾದರೆ, ಕಡಿತವಾದ ಮೇಲೆ.

ಮನೆಯಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಆನ್‌ಲೈನಿನಲ್ಲಿ ಮಾರುವ ಹೆಣ್ಣುಮಕ್ಕಳದ್ದು ಇನ್ನೊಂದು ಪಾಡು. ಪೇಮೆಂಟ್ ಗೇಟ್‌ವೇ ಕಂಪನಿಗಳು ಹೆಚ್ಚಾಗಿ ಎಲ್ಲ ಬಗೆಯ ಪಾವತಿಗೂ ಶೇ 2ರ ಆಸುಪಾಸಿನ ಒಂದೇ ದರ ಹೇಳುತ್ತವೆ. ಯುಪಿಐಗೆ ಎಂಡಿಆರ್ ಇಲ್ಲದಿದ್ದರೂ ಪ್ಲಾಟ್‌ಫಾರ್ಮ್ ಶುಲ್ಕದ ಹೆಸರಿನಲ್ಲಿ ಹಣ ಕಡಿತವಾಗುವುದುಂಟು. ತಿಂಗಳಿಗೆ ನೂರಿನ್ನೂರು ಡಬ್ಬಿ ಮಾರುವವರು ತಮ್ಮದೇ ಕ್ಯೂಆರ್ ಕಳಿಸಿ ನೇರವಾಗಿ ಖಾತೆಗೆ ಹಣ ಪಡೆದರೆ ಈ ಖರ್ಚು ಪೂರ್ತಿ ಉಳಿಯುತ್ತದೆ.

ಒಂದು ಪಾತ್ರೆ ಅಂಗಡಿಯ ಲೆಕ್ಕ

ದರಗಳನ್ನು ಬಿಡಿಬಿಡಿಯಾಗಿ ಹೇಳಿದರೆ ಹೊರೆ ಎಲ್ಲಿದೆ ಎಂದು ಕಾಣುವುದಿಲ್ಲ. ತಾಲ್ಲೂಕು ಕೇಂದ್ರದ ಒಂದು ಪಾತ್ರೆ ಅಂಗಡಿಯನ್ನು ಕಲ್ಪಿಸಿಕೊಂಡು ಲೆಕ್ಕ ಹಾಕೋಣ. ತಿಂಗಳ ವ್ಯಾಪಾರ ಒಂದೂವರೆ ಲಕ್ಷ ರೂಪಾಯಿ; ವರ್ಷಕ್ಕೆ 18 ಲಕ್ಷ. ಇದರಲ್ಲಿ 90,000 ಯುಪಿಐನಲ್ಲಿ, 20,000 ನಗದಿನಲ್ಲಿ, 15,000 ವೀಸಾ ಅಥವಾ ಮಾಸ್ಟರ್‌ಕಾರ್ಡಿನ ಡೆಬಿಟ್ ಕಾರ್ಡಿನಲ್ಲಿ, 25,000 ಕ್ರೆಡಿಟ್ ಕಾರ್ಡಿನಲ್ಲಿ ಬರುತ್ತದೆ. ಕುಕ್ಕರ್, ಮಿಕ್ಸಿಯಂಥ ಸಾಮಾನಾದ್ದರಿಂದ ಕಾರ್ಡಿನ ಬಿಲ್ಲುಗಳೆಲ್ಲ 2,000 ಮೀರಿದವು ಎಂದಿಟ್ಟುಕೊಳ್ಳೋಣ.

ಬ್ಯಾಂಕು ಇವರನ್ನು ದೊಡ್ಡ ವ್ಯಾಪಾರಿಗಳ ವರ್ಗದಲ್ಲಿ ಸೇರಿಸಿದೆ. ಡೆಬಿಟ್ ಕಾರ್ಡಿಗೆ ಶೇ 0.90ರಂತೆ 135 ರೂಪಾಯಿ. ಜಿಎಸ್‌ಟಿ ಸೇರಿ 159. ಕ್ರೆಡಿಟ್ ಕಾರ್ಡಿಗೆ ಶೇ 2ರಂತೆ 500. ಜಿಎಸ್‌ಟಿ ಸೇರಿ 590. ಮಷಿನ್ ಬಾಡಿಗೆ 400. ಜಿಎಸ್‌ಟಿ ಸೇರಿ 472. ಒಟ್ಟು 1,221 ರೂಪಾಯಿ. ಕಾರ್ಡಿನಲ್ಲಿ ಬಂದ 40,000 ರೂಪಾಯಿಗೆ ಇದನ್ನು ಹೋಲಿಸಿದರೆ ಶೇ 3 ದಾಟುತ್ತದೆ. ‘ನಿಮಗೆ ಎರಡು ಪರ್ಸೆಂಟು’ ಎಂದು ಹೇಳಿ ಮಷಿನ್ ಕೊಟ್ಟುಹೋದವರ ಮಾತು ಸುಳ್ಳಲ್ಲ. ಆದರೆ ವ್ಯಾಪಾರಿ ಕೊಡುತ್ತಿರುವುದು ಮೂರು.

ಇಲ್ಲಿ ಮೂರು ಸಂಗತಿ ಗಮನಿಸಬೇಕು. ಒಂದು, ಇವರ ವಹಿವಾಟು 20 ಲಕ್ಷದ ಒಳಗಿದೆ. ನಿಯಮದ ಪ್ರಕಾರ ಡೆಬಿಟ್ ಕಾರ್ಡಿಗೆ ಶೇ 0.40 ಮೀರುವಂತಿಲ್ಲ. ವರ್ಗ ತಪ್ಪಾದ್ದರಿಂದ ಎರಡು ಪಟ್ಟಿಗೂ ಹೆಚ್ಚು ಕಟ್ಟುತ್ತಿದ್ದಾರೆ. ಎರಡು, ಬಾಡಿಗೆ ವಹಿವಾಟಿನ ಜೊತೆ ಏರಿಳಿಯುವುದಿಲ್ಲ. ಆಷಾಢದಲ್ಲಿ ವ್ಯಾಪಾರ ಬಿದ್ದಾಗಲೂ ಅದು ಅಷ್ಟೇ. ಕಾರ್ಡ್ ವ್ಯಾಪಾರ ಕಡಿಮೆಯಿದ್ದಷ್ಟೂ ಅದರ ಭಾರ ಹೆಚ್ಚು. ಮೂರು, ಜಿಎಸ್‌ಟಿ. ನೋಂದಣಿಯಿರುವ ದೊಡ್ಡ ವ್ಯಾಪಾರಿ ಕಮಿಷನ್ ಮೇಲೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಎಂದು ವಾಪಸ್ ಹೊಂದಿಸಿಕೊಳ್ಳುತ್ತಾರೆ. ನೋಂದಣಿ ಇಲ್ಲದವರಿಗೂ ಕಾಂಪೊಸಿಷನ್ ಯೋಜನೆಯಲ್ಲಿ ಇರುವವರಿಗೂ ಆ ಅವಕಾಶವಿಲ್ಲ. ಒಂದೇ ಶೇ 2 ದರ ದೊಡ್ಡವರಿಗೆ ಎರಡಾಗಿಯೇ ಉಳಿದರೆ ಸಣ್ಣವರಿಗೆ ಅದು 2.36 ಆಗುತ್ತದೆ.

ಈಗ ಅದೇ ಅಂಗಡಿಯವರು ಬ್ಯಾಂಕಿಗೆ ವಹಿವಾಟಿನ ದಾಖಲೆ ಕೊಟ್ಟು ಸಣ್ಣ ವ್ಯಾಪಾರಿ ವರ್ಗಕ್ಕೆ ಬಂದರೆ ಡೆಬಿಟ್ ಕಾರ್ಡಿನ ಖರ್ಚು ಜಿಎಸ್‌ಟಿ ಸೇರಿ 71 ರೂಪಾಯಿಗೆ ಇಳಿಯುತ್ತದೆ. ಕ್ರೆಡಿಟ್ ದರ ಶೇ 1.7ಕ್ಕೆ ಒಪ್ಪಿಸಿದರೆ 590 ಹೋಗಿ 501 ಆಗುತ್ತದೆ. ಅಗ್ಗದ ಮಷಿನ್‌ಗೆ ಬದಲಾಯಿಸಿ ಬಾಡಿಗೆಯನ್ನು 150ಕ್ಕೆ ತಂದರೆ ತೆರಿಗೆ ಸೇರಿ 177. ಒಟ್ಟು 749 ರೂಪಾಯಿ. ತಿಂಗಳಿಗೆ 472 ರೂಪಾಯಿ, ವರ್ಷಕ್ಕೆ ಐದೂವರೆ ಸಾವಿರಕ್ಕೂ ಹೆಚ್ಚು ಉಳಿತಾಯ. ಇದರಲ್ಲಿ ಅತಿ ದೊಡ್ಡ ಪಾಲು ಬಂದದ್ದು ಬಾಡಿಗೆಯಿಂದ ಎಂಬುದನ್ನು ನೋಡಿ. ಎಲ್ಲರೂ ಚರ್ಚಿಸುವುದು ಪರ್ಸೆಂಟೇಜು. ಸಣ್ಣ ಅಂಗಡಿಯ ಹಣ ಹೆಚ್ಚು ಸೋರುವುದು ಬಾಡಿಗೆಯಲ್ಲಿ.

ವ್ಯಾಪಾರಿಯ ಕೈಯಲ್ಲಿರುವುದು

ಈ ಲೆಕ್ಕದಿಂದಲೇ ಮಾಡಬೇಕಾದ ಕೆಲಸಗಳು ಹೊರಡುತ್ತವೆ. ಮೊದಲು ಮಷಿನ್ ಕೊಟ್ಟ ಬ್ಯಾಂಕು ಅಥವಾ ಕಂಪನಿಯಿಂದ ತಿಂಗಳ ಸ್ಟೇಟ್‌ಮೆಂಟ್ ಕೇಳಿ ಪಡೆಯಬೇಕು. ಡೆಬಿಟ್, ಕ್ರೆಡಿಟ್, ಬಾಡಿಗೆ, ತೆರಿಗೆ ಬೇರೆ ಬೇರೆ ಕಾಣುವಂತಿರಬೇಕು. ಆ ತಿಂಗಳು ಕಡಿತವಾದ ಒಟ್ಟು ಮೊತ್ತವನ್ನು ಕಾರ್ಡಿನಲ್ಲಿ ಬಂದ ಒಟ್ಟು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಜವಾದ ದರ ಸಿಗುತ್ತದೆ. ಎರಡು ಕಂಪನಿಗಳನ್ನು ಹೋಲಿಸಬೇಕಾದದ್ದು ಈ ಸಂಖ್ಯೆಯಿಂದ, ಜಾಹೀರಾತಿನ ದರದಿಂದಲ್ಲ.

ವಹಿವಾಟು 20 ಲಕ್ಷದ ಒಳಗಿದ್ದರೆ ಸಣ್ಣ ವ್ಯಾಪಾರಿ ಎಂದು ತಮ್ಮನ್ನು ಗುರುತಿಸಲು ಬರವಣಿಗೆಯಲ್ಲಿ ಅರ್ಜಿ ಕೊಡಬೇಕು. ಬಾಯಿಮಾತಿನ ಭರವಸೆ ಸಾಲದು. ರಿಲೇಷನ್‌ಶಿಪ್ ಮ್ಯಾನೇಜರ್ ಬದಲಾದ ದಿನ ಅದು ಮರೆತುಹೋಗುತ್ತದೆ.

ಡೆಬಿಟ್ ಕಾರ್ಡ್ ತೆಗೆದ ಗಿರಾಕಿಗೆ ‘ಸ್ಕ್ಯಾನ್ ಮಾಡ್ತೀರಾ?’ ಎಂದು ಕೇಳುವುದು ಅತ್ಯಂತ ಸುಲಭದ ಉಪಾಯ. ಡೆಬಿಟ್ ಕಾರ್ಡಿನ ಹಣವೂ ಯುಪಿಐ ಹಣವೂ ಹೋಗುವುದು ಅದೇ ಖಾತೆಯಿಂದ. ಗಿರಾಕಿಗೆ ನಷ್ಟವಿಲ್ಲ, ಅಂಗಡಿಗೆ ಕಮಿಷನ್ ಉಳಿಯಿತು. ಕ್ರೆಡಿಟ್ ಕಾರ್ಡಿನ ಮಾತು ಬೇರೆ. ಅದನ್ನು ಬೇಡವೆಂದರೆ ವ್ಯಾಪಾರವೇ ತಪ್ಪಬಹುದು. ಅಲ್ಲಿ ದರದ ಮೇಲೆ ಚೌಕಾಸಿಯೇ ದಾರಿ.

ಕಾರ್ಡಿನ ಬಿಲ್ಲು ತಿಂಗಳಿಗೆ ನಾಲ್ಕೈದೇ ಆಗುವುದಾದರೆ ಮಷಿನ್ ಬೇಕೇ ಎಂದು ಯೋಚಿಸಬೇಕು. ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಫೋನಿಗೇ ಕಾರ್ಡ್ ತಾಗಿಸಿ ಹಣ ಪಡೆಯುವ ವ್ಯವಸ್ಥೆ ಈಗ ಲಭ್ಯವಿದೆ. ಎರಡು ಮೂರು ಕಂಪನಿಗಳ ಸೌಂಡ್‌ಬಾಕ್ಸ್ ಸಾಲಾಗಿ ಇಟ್ಟುಕೊಂಡ ಅಂಗಡಿಗಳಿವೆ. ಪ್ರತಿಯೊಂದಕ್ಕೂ ತಿಂಗಳ ಬಾಡಿಗೆ ಹೋಗುತ್ತಿರುತ್ತದೆ. ಯುಪಿಐನ ಯಾವ ಕ್ಯೂಆರ್ ಆದರೂ ಎಲ್ಲ ಆ್ಯಪ್‌ಗಳಿಂದಲೂ ಹಣ ಪಡೆಯುತ್ತದೆ. ಒಂದು ಸಾಕು.

ತೆರಿಗೆಯ ಒಂದು ವಿನಾಯಿತಿ ಬಹಳ ಮಂದಿಗೆ ಗೊತ್ತಿಲ್ಲ. 2,000 ರೂಪಾಯಿವರೆಗಿನ ಕಾರ್ಡ್ ವ್ಯವಹಾರದ ಮೇಲೆ ಬ್ಯಾಂಕು ಪಡೆಯುವ ಕಮಿಷನ್‌ಗೆ ಜಿಎಸ್‌ಟಿ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಸಣ್ಣ ಬಿಲ್ಲಿಗೂ ತೆರಿಗೆ ಹಾಕಿದ್ದು ಕಂಡರೆ ಪ್ರಶ್ನಿಸುವ ಹಕ್ಕು ವ್ಯಾಪಾರಿಗಿದೆ.

ಮಷಿನ್ ಅಥವಾ ಕ್ಯೂಆರ್ ಕೊಟ್ಟ ಕಂಪನಿಯೇ ಸಾಲವನ್ನೂ ಕೊಟ್ಟು, ಪ್ರತಿದಿನದ ಜಮೆಯಿಂದಲೇ ಕಂತು ಮುರಿದುಕೊಳ್ಳುವ ಪದ್ಧತಿ ಹರಡಿದೆ. ಸಾಲ ತಪ್ಪಲ್ಲ. ಆದರೆ ಕಂತು, ಕಮಿಷನ್, ಬಾಡಿಗೆ ಎಲ್ಲ ಒಂದೇ ಮೊತ್ತದಲ್ಲಿ ಮುರಿದುಹೋದರೆ ಯಾವುದರ ಲೆಕ್ಕವೂ ಸಿಗುವುದಿಲ್ಲ. ಸಾಲದ ಕಂತನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.

ತಪ್ಪು ಕಡಿತದ ಬಗ್ಗೆ ಬರೆದುಕೊಟ್ಟ ದೂರಿಗೆ ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹೊರದೇಶಗಳ ಪಾಠ

ಕಾರ್ಡ್ ಶುಲ್ಕದ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ 2010ರ ಡಾಡ್–ಫ್ರಾಂಕ್ ಕಾನೂನಿನ ಡರ್ಬಿನ್ ತಿದ್ದುಪಡಿಯಿಂದಾಗಿ, 2011ರ ಅಕ್ಟೋಬರಿನಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಇಂಟರ್‌ಚೇಂಜ್‌ಗೆ ಮಿತಿ ಬಂತು: ಒಂದು ವ್ಯವಹಾರಕ್ಕೆ 21 ಸೆಂಟ್ ಮತ್ತು ಮೊತ್ತದ ಶೇ 0.05. ದೊಡ್ಡ ಅಂಗಡಿಗಳಿಗೆ ಇದು ಲಾಭ ತಂದಿತು. ಎರಡು ಮೂರು ಡಾಲರಿನ ಕಾಫಿ ಮಾರುವವರಿಗೆ ಉಲ್ಟಾ ಆಯಿತು. ಅದುವರೆಗೆ ಸಣ್ಣ ಬಿಲ್ಲಿಗೆ ಕೊಡುತ್ತಿದ್ದ ರಿಯಾಯಿತಿ ದರವನ್ನು ಕಾರ್ಡ್ ಜಾಲಗಳು ಕೈಬಿಟ್ಟು, ಮಿತಿಯಷ್ಟೂ ವಸೂಲಿಗೆ ನಿಂತವು. ಸಣ್ಣವರ ಹೆಸರಿನಲ್ಲಿ ತಂದ ನಿಯಮ ಅತಿ ಸಣ್ಣವರಿಗೇ ಭಾರವಾಯಿತು.

ಯುರೋಪಿನ ಒಕ್ಕೂಟ 2015ರಲ್ಲಿ ಡೆಬಿಟ್ ಇಂಟರ್‌ಚೇಂಜನ್ನು ಶೇ 0.2ಕ್ಕೆ, ಕ್ರೆಡಿಟ್ ಇಂಟರ್‌ಚೇಂಜನ್ನು ಶೇ 0.3ಕ್ಕೆ ಇಳಿಸಿತು. ಕ್ರೆಡಿಟ್ ಕಾರ್ಡಿಗೂ ಮಿತಿ ಹಾಕಬಹುದು, ಹಾಕಿದರೆ ಕಾರ್ಡ್ ವ್ಯವಸ್ಥೆ ಕುಸಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಮಿತಿಯ ಲಾಭ ಕೊನೆಯ ಅಂಗಡಿಗೆ ಮುಟ್ಟಿತೇ? ಬ್ರಿಟನ್ನಿನ ಪಾವತಿ ನಿಯಂತ್ರಣ ಸಂಸ್ಥೆ 2021ರಲ್ಲಿ ಪರಿಶೀಲಿಸಿ, ಉಳಿತಾಯದ ಬಹುಪಾಲು ಸಣ್ಣ ಮತ್ತು ಮಧ್ಯಮ ವ್ಯಾಪಾರಿಗಳಿಗೆ ತಲುಪಿಲ್ಲ ಎಂದು ಕಂಡುಕೊಂಡಿತು. ದರಪಟ್ಟಿಗಳನ್ನು ಹೋಲಿಸಲು ಆಗದಿರುವುದು, ಮಷಿನ್ ಬಾಡಿಗೆಯ ದೀರ್ಘ ಕರಾರು ವ್ಯಾಪಾರಿಯನ್ನು ಕಟ್ಟಿಹಾಕಿರುವುದು ಅದಕ್ಕೆ ಕಾರಣ ಎಂದಿತು. ಆಮೇಲೆ ಆದೇಶ ಹೊರಡಿಸಿ, ಪ್ರತಿ ವ್ಯಾಪಾರಿಗೆ ಶುಲ್ಕಗಳ ಸಾರಾಂಶವನ್ನು ಒಂದೇ ನಮೂನೆಯಲ್ಲಿ ಕೊಡಬೇಕು, ಕರಾರು ಮುಗಿಯುವ ಮುನ್ನ ತಿಳಿಸಬೇಕು, ಮಷಿನ್ ಬಾಡಿಗೆ ಕರಾರು 18 ತಿಂಗಳು ಮೀರಬಾರದು ಎಂದು ಕಟ್ಟುಮಾಡಿತು.

ದರಕ್ಕೆ ಮಿತಿ ಹಾಕಿದರಷ್ಟೇ ಸಾಲದು, ವ್ಯಾಪಾರಿಗೆ ಲೆಕ್ಕ ಕಾಣಬೇಕು ಮತ್ತು ಬಿಟ್ಟುಹೋಗುವ ಸ್ವಾತಂತ್ರ್ಯ ಬೇಕು: ಈ ಎರಡು ಅನುಭವಗಳನ್ನು ಜೊತೆಗಿಟ್ಟು ನೋಡಿದರೆ ಸಿಗುವ ಪಾಠ ಇದು.

ಉಚಿತದ ಖರ್ಚು

ಯುಪಿಐ ವ್ಯಾಪಾರಿಗೆ ಉಚಿತವಾದರೂ ಅದನ್ನು ನಡೆಸಲು ಖರ್ಚಿದೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಹೊರಡಿಸಿದ ಚರ್ಚಾಪತ್ರ, ವ್ಯಾಪಾರಿಗೆ ಹೋಗುವ 800 ರೂಪಾಯಿಯ ಸರಾಸರಿ ಯುಪಿಐ ಪಾವತಿಗೆ ಸುಮಾರು 2 ರೂಪಾಯಿ ತಗಲುತ್ತದೆ ಎಂದು ಅಂದಾಜು ಮಾಡಿತ್ತು. ಈ ಖರ್ಚಿನ ಒಂದು ಭಾಗವನ್ನು ಕೇಂದ್ರ ಸರ್ಕಾರ ಪ್ರೋತ್ಸಾಹಧನದ ರೂಪದಲ್ಲಿ ಬ್ಯಾಂಕು ಮತ್ತು ಪಾವತಿ ಕಂಪನಿಗಳಿಗೆ ಕೊಡುತ್ತ ಬಂದಿದೆ. 2023–24ರಲ್ಲಿ ಇದು 3,631 ಕೋಟಿ ರೂಪಾಯಿ ಇತ್ತು. 2024–25ಕ್ಕೆ ಸಚಿವ ಸಂಪುಟ ಒಪ್ಪಿದ್ದು 1,500 ಕೋಟಿ. ಅದೂ ಸಣ್ಣ ವ್ಯಾಪಾರಿಗಳಿಗೆ ಬರುವ 2,000 ರೂಪಾಯಿವರೆಗಿನ ಪಾವತಿಗಳಿಗೆ, ಶೇ 0.15ರಂತೆ. ಇತ್ತ ವ್ಯವಹಾರಗಳ ಸಂಖ್ಯೆ ಏರುತ್ತಲೇ ಇದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದು 2,000 ಕೋಟಿ ದಾಟಿತು.

ಹಾಗಾಗಿ ಪಾವತಿ ಉದ್ಯಮದ ಒಕ್ಕೂಟವಾದ ಪೇಮೆಂಟ್ಸ್ ಕೌನ್ಸಿಲ್ ಆಫ್ ಇಂಡಿಯಾ 2025ರ ಮಾರ್ಚಿನಲ್ಲಿ ಪ್ರಧಾನಿಗೆ ಪತ್ರ ಬರೆದು, ದೊಡ್ಡ ವ್ಯಾಪಾರಿಗಳ ಯುಪಿಐ ವಹಿವಾಟಿಗೆ ಶೇ 0.3 ಎಂಡಿಆರ್ ಕೇಳಿತು. ಜೂನಿನಲ್ಲಿ ಯುಪಿಐಗೆ ಶುಲ್ಕ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ ಹಣಕಾಸು ಸಚಿವಾಲಯ ಅದನ್ನು ಪೂರ್ತಿ ತಳ್ಳಿಹಾಕಿತು.

ಇಲ್ಲಿ ನನ್ನ ನಿಲುವು ಸ್ಪಷ್ಟ. ದೇಶದುದ್ದಕ್ಕೂ ಮಳಿಗೆ ಹೊಂದಿರುವ ಕಂಪನಿಗಳು ಯುಪಿಐನಿಂದ ನಗದು ಎಣಿಸುವ, ಸಾಗಿಸುವ, ಕಾಯುವ ಖರ್ಚನ್ನು ಉಳಿಸಿಕೊಂಡಿವೆ. ಅವು ಒಂದು ಸಣ್ಣ ಪಾಲು ಕೊಡುವುದು ನ್ಯಾಯ. ಆದರೆ ಹೂವು, ತರಕಾರಿ, ಚಹಾ ಮಾರುವವರ ಮತ್ತು ಕಿರಾಣಿ ಅಂಗಡಿಯವರ ಸೊನ್ನೆ ದರ ಕಾನೂನಿನಲ್ಲಿ ಶಾಶ್ವತವಾಗಿ ಉಳಿಯಬೇಕು. ವರ್ಷವರ್ಷವೂ ಬಜೆಟ್ ನೋಡಿ ಆತಂಕಪಡುವ ಸ್ಥಿತಿ ಅವರಿಗೆ ಬರಬಾರದು.

2025ರ ಜುಲೈ ಕಲಿಸಿದ್ದು

ಸಣ್ಣ ವ್ಯಾಪಾರಿಯ ಪಾವತಿ ಖರ್ಚನ್ನು ಚರ್ಚಿಸುವಾಗ ಕರ್ನಾಟಕ ಕಂಡ ಒಂದು ತಿಂಗಳನ್ನು ಮರೆಯುವಂತಿಲ್ಲ. 2021–22ರಿಂದ 2024–25ರವರೆಗಿನ ಯುಪಿಐ ಜಮೆಗಳ ಮಾಹಿತಿ ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬುದು ನಿಯಮ. ಆದರೆ ನೋಟಿಸ್ ಬಂದವರಲ್ಲಿ ತೆರಿಗೆಯೇ ಇಲ್ಲದ ಹಾಲು, ಹಣ್ಣು, ತರಕಾರಿ ಮಾರುವವರೂ ಇದ್ದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ತೆಗೆದು ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಜುಲೈ 25ಕ್ಕೆ ಬಂದ್ ಕರೆ ಬಂತು. ಅದಕ್ಕೆ ಎರಡು ದಿನ ಮುಂಚೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಕೊಳ್ಳಬೇಕು ಎಂದು ಹೇಳಿದ ಮೇಲೆ ಬಂದ್ ಕೈಬಿಟ್ಟರು.

ಕಮಿಷನ್ ಸೊನ್ನೆ ಇದ್ದರೂ ವ್ಯಾಪಾರಿ ಕ್ಯೂಆರ್ ಕಿತ್ತುಹಾಕಬಲ್ಲರು ಎಂದು ಆ ತಿಂಗಳು ತೋರಿಸಿತು. ಡಿಜಿಟಲ್ ಪಾವತಿಯ ನಿಜವಾದ ಖರ್ಚಿನಲ್ಲಿ ಭಯವೂ ಸೇರಿದೆ. ಆ ಭಯ ಹೋಗಬೇಕಾದರೆ ಲೆಕ್ಕ ಬರೆಯುವ ಅಭ್ಯಾಸ ಬೇಕು. ತೆರಿಗೆ ಇರುವ ಸರಕು, ಇಲ್ಲದ ಸರಕು, ಮನೆಯವರಿಂದ ಬಂದ ಕೈಸಾಲ ಬೇರೆ ಬೇರೆ ಕಾಣುವಂತೆ ಅಂಗಡಿಗೆ ಒಂದು ಪ್ರತ್ಯೇಕ ಖಾತೆ ಇರಬೇಕು. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ಶೇ 1ರ ಕಾಂಪೊಸಿಷನ್ ತೆರಿಗೆ ಕಟ್ಟಿ ನೆಮ್ಮದಿಯಾಗಿರುವ ದಾರಿಯಿದೆ. ಆದಾಯ ತೆರಿಗೆಯ ಅಂದಾಜು ಲಾಭದ ಯೋಜನೆಯಲ್ಲಂತೂ ಡಿಜಿಟಲ್ ಪಾವತಿಗೆ ಅನುಕೂಲವೇ ಇದೆ: ನಗದು ವಹಿವಾಟಿನ ಮೇಲೆ ಶೇ 8ರಷ್ಟು ಲಾಭ ಎಂದು ಲೆಕ್ಕ ಹಿಡಿದರೆ, ಡಿಜಿಟಲ್ ವಹಿವಾಟಿಗೆ ಶೇ 6 ಹಿಡಿದರೆ ಸಾಕು. ಇದನ್ನು ಅಂಗಡಿಯವರಿಗೆ ಅವರ ಮಾತಿನಲ್ಲಿ ಹೇಳಿಕೊಡುವ ಕೆಲಸ ನೋಟಿಸ್ ಕಳಿಸುವುದಕ್ಕಿಂತ ಮೊದಲು ಆಗಬೇಕಿತ್ತು.

ಆಗಬೇಕಾದ್ದು

1928ರಲ್ಲಿ ಉಡುಪಿಯಲ್ಲಿ ಆರಂಭವಾದ ಪಿಗ್ಮಿ ಠೇವಣಿ ಯೋಜನೆ ಬ್ಯಾಂಕನ್ನು ಅಂಗಡಿ ಬಾಗಿಲಿಗೆ ತಂದಿತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆಯ ಪ್ರತಿನಿಧಿ ದಿನವೂ ಬಂದು ಕೆಲವು ಆಣೆ ಪಡೆದು, ವ್ಯಾಪಾರಿಯ ಕಣ್ಣೆದುರೇ ಲೆಕ್ಕ ಬರೆದುಕೊಡುತ್ತಿದ್ದರು. ಸಣ್ಣ ಮೊತ್ತಕ್ಕೂ ಸ್ಪಷ್ಟ ಲೆಕ್ಕ ಕೊಡುವ ಆ ಪದ್ಧತಿ ನಮ್ಮ ನೆಲದಲ್ಲೇ ಬೆಳೆದದ್ದು. ಇಂದಿನ ಪಾವತಿ ಕಂಪನಿಗಳಿಂದಲೂ ಅಷ್ಟನ್ನು ಕೇಳುವುದು ಅತಿಯಾಸೆಯಲ್ಲ.

ರಿಸರ್ವ್ ಬ್ಯಾಂಕ್ ಮೂರು ಕೆಲಸ ಮಾಡಬೇಕು. ಸಣ್ಣ ವ್ಯಾಪಾರಿಗಳಿಗಾದರೂ ಕ್ರೆಡಿಟ್ ಕಾರ್ಡಿನ ಕಮಿಷನ್‌ಗೆ ಗರಿಷ್ಠ ಮಿತಿ ಹಾಕಬೇಕು. 2017ರಲ್ಲಿ ತೀರ್ಮಾನವಾದ 20 ಲಕ್ಷದ ವಹಿವಾಟು ಮಿತಿಯನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಬೇಕು. ಸರಕು ವ್ಯಾಪಾರಿಗಳ ಜಿಎಸ್‌ಟಿ ಮಿತಿಯಾದ 40 ಲಕ್ಷಕ್ಕೆ ಅದನ್ನು ಹೊಂದಿಸುವುದು ಸೂಕ್ತ. ಮಷಿನ್ ಬಾಡಿಗೆಯನ್ನು ನಿಯಮದ ಕಕ್ಷೆಗೆ ತರಬೇಕು. 2021ರ ಜನವರಿಯಲ್ಲಿ ಸ್ಥಾಪನೆಯಾದ ಪಾವತಿ ಮೂಲಸೌಕರ್ಯ ಅಭಿವೃದ್ಧಿ ನಿಧಿಯಿಂದ ಸಣ್ಣ ಊರುಗಳಲ್ಲಿ ಮಷಿನ್ ಮತ್ತು ಕ್ಯೂಆರ್ ಹಾಕಲು ಬ್ಯಾಂಕು, ಕಂಪನಿಗಳಿಗೆ ಸಹಾಯಧನ ಸಿಕ್ಕಿದೆ. ಆ ನೆರವು ಪಡೆದ ಮಷಿನ್‌ಗೆ ವ್ಯಾಪಾರಿಯಿಂದ ಪೂರ್ತಿ ಬಾಡಿಗೆ ಪಡೆಯುವುದು ಸರಿಯಲ್ಲ.

ಬ್ಯಾಂಕುಗಳು ತಿಂಗಳಿಗೊಮ್ಮೆ, ಒಂದೇ ಪುಟದಲ್ಲಿ, ಕನ್ನಡದಲ್ಲಿ ಸ್ಟೇಟ್‌ಮೆಂಟ್ ಕೊಡಬೇಕು. ಒಟ್ಟು ಜಮೆ, ಒಟ್ಟು ಕಡಿತ, ನಿಜವಾದ ದರ ಎಂಬ ಮೂರು ಸಂಖ್ಯೆ ದಪ್ಪ ಅಕ್ಷರದಲ್ಲಿದ್ದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಯುಪಿಐನಲ್ಲಿ ಬಂದದ್ದು ಕ್ರೆಡಿಟ್ ಕಾರ್ಡಿನ ಹಣವಾದರೆ ಸೌಂಡ್‌ಬಾಕ್ಸ್ ಅದನ್ನೂ ಹೇಳಬೇಕು. ತಾಂತ್ರಿಕವಾಗಿ ಇದು ಕಷ್ಟದ ಕೆಲಸವಲ್ಲ.

ಜಿಲ್ಲಾ ವಾಣಿಜ್ಯ ಸಂಘಗಳು, ಬೀದಿಯ ವರ್ತಕರ ಸಂಘಗಳು ಒಟ್ಟಾಗಿ ಬ್ಯಾಂಕಿನ ಎದುರು ಕೂರಬೇಕು. ಒಬ್ಬ ವ್ಯಾಪಾರಿಯ ನಲವತ್ತು ಸಾವಿರ ರೂಪಾಯಿ ಕಾರ್ಡ್ ವಹಿವಾಟಿಗೆ ಬ್ಯಾಂಕು ದರ ಇಳಿಸಲಿಕ್ಕಿಲ್ಲ. ಅಂಥ ನೂರು ಅಂಗಡಿ ಸೇರಿದರೆ ತಿಂಗಳಿಗೆ ನಲವತ್ತು ಲಕ್ಷ. ಆ ಮೊತ್ತಕ್ಕೆ ಯಾವ ಬ್ಯಾಂಕಾದರೂ ಕುರ್ಚಿ ಹಾಕಿ ಮಾತನಾಡುತ್ತದೆ. ಬ್ಯಾಂಕಿನ ಭಾಷೆ ಗೊತ್ತಿರುವ ನಿವೃತ್ತ ನೌಕರರು ಪ್ರತಿ ಊರಿನಲ್ಲೂ ಇದ್ದಾರೆ. ಸಂಘದ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ಅವರು ಕೂತು ಸ್ಟೇಟ್‌ಮೆಂಟ್ ಓದಿಕೊಟ್ಟರೆ ಎಷ್ಟೋ ಅಂಗಡಿಗಳ ಹಣ ಉಳಿಯುತ್ತದೆ.

ಗಿರಾಕಿಗಳಾದ ನಮ್ಮ ಕೈಯಲ್ಲೂ ಒಂದು ಸಣ್ಣ ಕೆಲಸವಿದೆ. ಸೂಪರ್ ಮಾರ್ಕೆಟ್ಟಿನಲ್ಲಿ, ವಿಮಾನದ ಟಿಕೆಟ್ಟಿಗೆ ಕ್ರೆಡಿಟ್ ಕಾರ್ಡ್ ಬಳಸಿ ಪಾಯಿಂಟ್ ಗಳಿಸಿಕೊಳ್ಳಿ. ನಿಮ್ಮ ಬೀದಿಯ ಅಂಗಡಿಯಲ್ಲಿ ಮಾತ್ರ ಖಾತೆಯಿಂದ ನೇರವಾಗಿ ಯುಪಿಐ ಮಾಡಿ. ನಿಮಗೆ ಸಿಗದೆ ಹೋಗುವ ಪಾಯಿಂಟಿನ ಬೆಲೆ ಕೆಲವೇ ರೂಪಾಯಿ. ಸಾವಿರ ರೂಪಾಯಿಯ ಬಿಲ್ಲಿನಲ್ಲಿ ಅಂಗಡಿಯವರಿಗೆ ಉಳಿಯುವುದು ಇಪ್ಪತ್ತು ರೂಪಾಯಿ.